ಎಂಟು ಗಂಟೆಯ ರೋಹಿಣಿ

ನಮ್ಮ ಮನೆಯಲ್ಲಿ ಸೊನ್ನೆಗೂ ಒಂದು ಮರ್ಯಾದೆ ಇತ್ತು. ತಿಕೋಟಾದ ಕಚೇರಿಯ ಅಂಗಳದಲ್ಲಿ ಒಂದು ಮಳೆಮಾಪಕವಿತ್ತು; ದಿನಾ ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ ಬರೆಯುವುದು ಅಪ್ಪನ ಕೆಲಸ. ನಮ್ಮ ಕಡೆ ವರ್ಷದ ಬಹುಪಾಲು ದಿನ ಆ ಡಬ್ಬಿಯಲ್ಲಿ ಧೂಳು, ಒಂದೆರಡು ಇರುವೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಆದರೂ ಅಪ್ಪ ಹೋಗುತ್ತಿದ್ದ, ಟೊಪ್ಪಿಗೆ ಸರಿಮಾಡಿಕೊಂಡು ಬಗ್ಗಿ ನೋಡುತ್ತಿದ್ದ, ದೊಡ್ಡ ಪುಸ್ತಕದಲ್ಲಿ ಒಂದು ದುಂಡನೆಯ ಸೊನ್ನೆ ಬರೆದು ಕೆಳಗೆ ಸಹಿ ಮಾಡಿ ಬರುತ್ತಿದ್ದ. ಊರವರು ಅವನನ್ನು ಮಳಿ ಮಾಸ್ತರ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ. ಏನೂ ಇಲ್ಲದ್ದನ್ನು ಯಾಕೆ ಬರೆಯಬೇಕು ಎಂದು ನಾನು ಒಮ್ಮೆ ಕೇಳಿದ್ದೆ.

"ಬರೀಲಿಲ್ಲಂದ್ರ ನಾ ಹೋಗಿ ನೋಡಿಲ್ಲಂತ ಆಕ್ಕತಿ. ಸೊನ್ನಿ ಅಂದ್ರ, ನೋಡೇನಿ, ಇಲ್ಲ ಅಂತ. ಖಾಲಿ ಬಿಟ್ರ ಅದು ಸುಳ್ಳು."

ಮುಂದೆ ನಾನು ನರ್ಸ್ ಆಗಿ ನಲವತ್ತು ವರ್ಷ ದವಾಖಾನೆಯಲ್ಲಿ ರೋಗಿಗಳ ಕಾಲಬುಡಕ್ಕೆ ತೂಗುಹಾಕಿದ ತಖ್ತೆಗಳನ್ನು ಬರೆದೆ. ಜ್ವರ, ನಾಡಿ, ಉಚ್ಚೆ, ಊಟ. ಒಂದು ಚೌಕವನ್ನೂ ಖಾಲಿ ಬಿಡಲಿಲ್ಲ. ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಲ ಖಾಲಿ ಬಿಟ್ಟಿದ್ದೇನೆ, ಅದೂ ಹನ್ನೆರಡನೆಯ ವಯಸ್ಸಿನಲ್ಲಿ. ಬಿಟ್ಟಿದ್ದೇನೆ ಎನ್ನುವುದೂ ಸರಿಯಲ್ಲ. ಬರೆದಿದ್ದನ್ನು ಖಾಲಿ ಮಾಡಿದ್ದೇನೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹೊರಗೆ ಪಡಸಾಲೆ, ಒಳಗೆ ಅಡುಗೆಮನೆ, ಅದರಾಚೆ ಕಾಳು ಇಡುವ ಕತ್ತಲಕೋಣೆ. ಅಡುಗೆಮನೆಯ ನೆತ್ತಿಯಲ್ಲಿ ಹೊಗೆ ಹೋಗಲೆಂದು ಬಿಟ್ಟ ಬೆಳಕಿಂಡಿ. ಪಡಸಾಲೆಯ ಗೋಡೆಯ ಮೇಲೆ ಕೀಲಿ ಕೊಡುವ ಗಡಿಯಾರವಿತ್ತು, ಅದೇ ಮನೆಯ ಹಿರಿಯ. ಐದಕ್ಕೆ ಏಳುವುದು, ಐದೂವರೆಗೆ ಅಂಗಳದ ಕಸ, ಆರಕ್ಕೆ ಜಳಕ, ಸಂಜೆ ಆರೂವರೆಗೆ ಕಂದೀಲಿನ ಗಾಜು ಒರೆಸುವುದು, ಏಳೂವರೆಗೆ ಊಟ, ಒಂಬತ್ತಕ್ಕೆ ಹಾಸಿಗೆ. ಊಟಕ್ಕೆ ಕೂಡುವ ಜಾಗಗಳೂ ಗೊತ್ತಾದವು: ಅಪ್ಪ ಕಂಬದ ಬುಡಕ್ಕೆ, ಅವನ ಎಡಕ್ಕೆ ನಾನು, ಒಲೆಯ ಹತ್ತಿರ ಅವ್ವ. ರೊಟ್ಟಿ ತಾಟಿಗೆ ಬರುವುದು ಐದು ನಿಮಿಷ ತಡವಾದರೆ ಅಪ್ಪ ಅವ್ವನಿಗೆ ಏನೂ ಅನ್ನುತ್ತಿರಲಿಲ್ಲ. ಎದ್ದು ಹೋಗಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ಕರ್ ಕರ್ ಎನ್ನುವ ಆ ಸದ್ದೇ ಬೈಗುಳ. ನನಗೆ ಈ ಶಿಸ್ತು ಸೆರೆಮನೆ ಅನ್ನಿಸಲೇ ಇಲ್ಲ. ನಾನೊಬ್ಬಳೇ ಮಗಳು, ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುವವಳು. ಅಪ್ಪ ಹೊಗಳುತ್ತಿರಲಿಲ್ಲ, ಆದರೆ ನನ್ನ ಸರದಿಯಲ್ಲಿ ಗಡಿಯಾರಕ್ಕೆ ಕೀಲಿ ಕೊಡುತ್ತಿರಲಿಲ್ಲ. ಅಷ್ಟು ಸಾಕಾಗಿತ್ತು, ಕಸ್ತೂರಿ ಬರುವ ತನಕ.

ಕಸ್ತೂರಿ ನನ್ನ ಸೋದರತ್ತೆಯ ಮಗಳು, ನನಗಿಂತ ಒಂದು ವರ್ಷ ಚಿಕ್ಕವಳು. ಬಬಲೇಶ್ವರದ ಬದಿಯ ಸಾರವಾಡದಿಂದ ಮುಂದಿನ ಇಯತ್ತೆ ಓದಲೆಂದು ನಮ್ಮ ಮನೆಗೆ ಬಂದು ನಿಂತಳು. ಬಂದ ದಿನವೇ ಒಂದು ಕಾಲಿನ ಚಪ್ಪಲಿಯನ್ನು ಬಸ್ಸಿನಲ್ಲಿ ಬಿಟ್ಟು ಬಂದಿದ್ದಳು. ಒಂದು ಜಡೆ ಹೆಣೆದು ಇನ್ನೊಂದನ್ನು ಮರೆಯುವವಳು, ನಿಂತೇ ರೊಟ್ಟಿ ತಿನ್ನುವವಳು, ನೀರಿಗೆ ಹೋದರೆ ಕೊಡ ಬಿಟ್ಟು ಕತೆ ಹೊತ್ತುಕೊಂಡು ಬರುವವಳು. ಈಗ ಅಪ್ಪನ ಕೈಗೆ ಸಿಗುತ್ತಾಳೆ ಎಂದು ನಾನು ಕಾದೆ. ಮೂರನೆಯ ದಿನ ಅವಳು ಊಟಕ್ಕೆ ಹತ್ತು ನಿಮಿಷ ತಡವಾಗಿ ಬಂದಳು. ಅಪ್ಪ ಎದ್ದು ಗಡಿಯಾರದ ಕಡೆ ಹೋದ. ಕಸ್ತೂರಿ ತಾಟಿನ ಮುಂದೆ ಕೂಡುತ್ತಾ, "ಮಾಮಾ, ಅದರ ಹೊಟ್ಟಿ ದಿನಾ ತುಂಬಸ್ತಿ, ನಮಗ ಅರೆಹೊಟ್ಟಿ ಹಾಕ್ತಿ" ಎಂದಳು. ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅಪ್ಪ ನಕ್ಕ. ನನ್ನ ಅಪ್ಪನ ಬಾಯಲ್ಲಿ ಬಲಗಡೆ ಒಂದು ಹಲ್ಲು ಇಲ್ಲವೆಂಬುದು ನನಗೆ ಗೊತ್ತಾದದ್ದು ಆವಾಗ. ಹನ್ನೆರಡು ವರ್ಷ ಹೊತ್ತಿಗೆ ಸರಿಯಾಗಿ ಉಂಡರೂ ನಾನು ಅದನ್ನು ನೋಡಿರಲಿಲ್ಲ.

ಅಂದಿನಿಂದ ನಾನು ಎಲ್ಲವನ್ನೂ ಎಣಿಸತೊಡಗಿದೆ. ಅವಳ ತಾಟಿಗೆ ಅವ್ವ ಹಾಕುವ ಬೆಣ್ಣೆಯ ಗಾತ್ರ, ಅಪ್ಪ ಅವಳ ಹೆಸರು ಕರೆಯುವ ಸಲ, ನನ್ನ ಹೆಸರು ಕರೆಯುವ ಸಲ. ಮಾಳಿಗೆಯ ಮೇಲೆ ಕೌದಿ ಹಾಸಿದರೆ ಅಪ್ಪನ ಪಕ್ಕದ ತುದಿ ನನ್ನದು ಎಂದು ಜಗಳ ತೆಗೆದೆ. ಅವಳು ಜಗಳಕ್ಕೂ ಬರಲಿಲ್ಲ, "ತಗೋ ಬೇ, ನೀನ ಮಲಕ್ಕೋ" ಎಂದು ಆಚೆ ತುದಿಗೆ ಉರುಳಿದಳು. ಅಪ್ಪ ಕತೆ ಹೇಳುವಾಗ ಆ ಆಚೆಯ ತುದಿಗೆ ಮುಖ ಮಾಡಿ ಹೇಳಿದ. ನನಗೆ ಸಿಕ್ಕಿದ್ದು ಅವನ ಬೆನ್ನು.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅಪ್ಪ ನಕ್ಷತ್ರ ಅಳೆಯಲು ಶುರು ಮಾಡಿದ. ಕೆಲವು ಚಿಕ್ಕೆಗಳು ತಾವಾಗಿ ಕುಂದುತ್ತವೆ, ಮತ್ತೆ ಬೆಳಗುತ್ತವೆ ಎಂದು ಯಾವುದೋ ಮಾಸಿಕದಲ್ಲಿ ಓದಿದ್ದ. ಮಳೆ ಇಲ್ಲದ ತಿಂಗಳುಗಳಲ್ಲಿ ಅಳೆಯಲು ಅವನಿಗೂ ಏನಾದರೂ ಬೇಕಿತ್ತು. ಆರಿಸಿಕೊಂಡಿದ್ದು ರೋಹಿಣಿಯನ್ನು, ಮುಂಗಾರಿನ ಮುಂದೆ ರೈತರು ಕಾಯುವ ಮಳೆಗೆ ಹೆಸರು ಕೊಟ್ಟ ಕೆಂಪು ಚಿಕ್ಕೆ. ಆಗ ಅದು ರಾತ್ರಿ ಎಂಟಕ್ಕೆ ನಮ್ಮ ಬೆಳಕಿಂಡಿಯ ಮೇಲೆ ನಡುನೆತ್ತಿಯಲ್ಲಿ ನಿಂತಿರುತ್ತಿತ್ತು. ಕ್ರಮವನ್ನು ಅಪ್ಪನೇ ಗೊತ್ತು ಮಾಡಿದ. ಪುನರ್ವಸುವಿನ ಜೋಡಿ ಚಿಕ್ಕೆಗಳಲ್ಲಿ ಹೆಚ್ಚು ಹೊಳೆಯುವುದಕ್ಕೆ ಹತ್ತು ಅಂಕ ಎಂದು ಹಿಡಿಯುವುದು. ಅದರ ಲೆಕ್ಕದಲ್ಲಿ ರೋಹಿಣಿಗೆ ಎಷ್ಟು ಎಂದು ನಾನೂ ಕಸ್ತೂರಿಯೂ ಒಬ್ಬರಿಗೊಬ್ಬರು ಹೇಳದೆ ಬರೆಯುವುದು. ದಿನಕ್ಕೊಂದು ಸಲ, ಗಡಿಯಾರ ಎಂಟು ಹೊಡೆದಾಗ. ಒಂದೇ ಪಟ್ಟಿ ಪುಸ್ತಕ. ತಾರೀಖು, ನನ್ನ ಅಂಕ, ಅವಳ ಅಂಕ. ಪುಸ್ತಕ ನನ್ನ ವಶದಲ್ಲಿ. ನಾನು ಕೆಂಪು ಶಾಯಿಯಿಂದ ಗೆರೆ ಎಳೆದೆ. ಅವಳು ತನ್ನ ಅಂಕವನ್ನು ಆ ಗೆರೆಯ ಮೇಲೆ ಕಾಲುಚಾಚಿ ಕೂತಂತೆ ಬರೆಯುತ್ತಿದ್ದಳು. ಮೊದಮೊದಲು ಇಬ್ಬರದೂ ಹನ್ನೆರಡು, ಹನ್ನೆರಡು. ಶಿವರಾತ್ರಿ ದಾಟಿದ ಮೇಲೆ ಹನ್ನೊಂದು, ಹತ್ತು. ಒಂದು ಸಂಜೆ ಎರಡು ಸಾಲುಗಳನ್ನು ಕಂದೀಲಿಗೆ ಹಿಡಿದು ನೋಡಿ ಅಪ್ಪ ಅವ್ವನಿಗೆ ಹೇಳಿದ:

"ಲೀಲಾಗ ಕೈ ಐತಿ, ಕಸ್ತೂರಿಗೆ ಕಣ್ಣೈತಿ."

ಅವನು ಇಬ್ಬರನ್ನೂ ಹೊಗಳಿದ್ದ. ಅದು ನನಗೆ ಈಗ ತಿಳಿಯುತ್ತದೆ. ಆಗ ನನಗೆ ಕೇಳಿಸಿದ್ದು, ನಕ್ಷತ್ರ ನೋಡುವವಳು ಅವಳು, ಗೆರೆ ಎಳೆಯುವವಳು ನೀನು ಎಂದು. ಮರುದಿನದಿಂದ ನಾನು ಎಂಟಕ್ಕೆ ಐದು ನಿಮಿಷ ಮೊದಲೇ ಮಾಳಿಗೆ ಹತ್ತಿ, ಕಣ್ಣು ಕತ್ತಲೆಗೆ ಹೊಂದಲಿ ಎಂದು ಮುಚ್ಚಿಕೊಂಡು ಕೂಡುತ್ತಿದ್ದೆ. ಅವಳು ಎಂಟು ಹೊಡೆಯುವಾಗ ನಿಚ್ಚಣಿಕೆಯ ಅರ್ಧದಲ್ಲಿರುತ್ತಿದ್ದಳು, ಬಾಯಲ್ಲಿ ಬೆಲ್ಲ.

ಯುಗಾದಿ ಕಳೆಯಿತು. ರೋಹಿಣಿ ಒಂಬತ್ತಕ್ಕೆ ಬಂತು, ಎಂಟಕ್ಕೆ ಬಂತು. ಹೊತ್ತು ಮಾತ್ರ ನಾವು ಬದಲಿಸಲಿಲ್ಲ. ಅದೇ ಎಂಟು ಗಂಟೆ. ಅಷ್ಟರಲ್ಲಿ ಆ ಚಿಕ್ಕೆ ನಡುನೆತ್ತಿ ಬಿಟ್ಟು ಪಡುವಣಕ್ಕೆ ಜಾರಿ ಜಾರಿ ಹಿತ್ತಲ ಬೇವಿನ ಮರದ ಎತ್ತರಕ್ಕೆ ಇಳಿದಿತ್ತು. ಅದು ನಮಗೆ ಕಾಣಲಿಲ್ಲವೆಂದಲ್ಲ. ಚಿಕ್ಕೆ ಸರಿಯುವುದು ಯಾರಿಗೆ ಗೊತ್ತಿಲ್ಲ? ಆದರೆ ಇಳಿಯುವುದಕ್ಕೂ ಕುಂದುವುದಕ್ಕೂ ನಂಟಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ದಿನಾ ಒಂದೇ ಹೊತ್ತಿಗೆ ಅಳೆದರೆ ತಪ್ಪು ಆಗುವುದಿಲ್ಲ ಎಂಬುದು ಮಳೆಮಾಪಕ ಕಲಿಸಿದ ಪಾಠ. ಅಪ್ಪ ಒಳಗೊಳಗೇ ಹಿಗ್ಗಿದ. ಕಚೇರಿಯಲ್ಲಿ ಹೇಳಿದ, ಚಹಾದ ಅಂಗಡಿಯಲ್ಲಿ ಹೇಳಿದ. ರೋಹಿಣಿ ಕುಂದುತ್ತಿದೆ ಎಂಬುದು ತಿಕೋಟಾದಲ್ಲೆಲ್ಲ ಹರಡಿ, ಹಾಗಾದರೆ ಈ ಸಲ ರೋಹಿಣಿ ಮಳೆ ಹೇಗೆ ಎಂದು ರೈತರು ಪಡಸಾಲೆಗೆ ಬಂದು ಕೂಡತೊಡಗಿದರು. ಮಳೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಆದರೆ ಬಂದವರನ್ನು ಬೇಗ ಕಳಿಸುತ್ತಿರಲಿಲ್ಲ. ಮಳಿ ಮಾಸ್ತರ ಎಂಬ ಕರೆಯಲ್ಲಿ ಚೇಷ್ಟೆಯ ಪಾಲು ಕಡಿಮೆಯಾಯಿತು. ಮುಂದಿನ ರವಿವಾರ ಪುಸ್ತಕವನ್ನು ವಿಜಯಪುರಕ್ಕೆ ಒಯ್ದು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರೊಬ್ಬರ ಮನೆಗೆ ಹೋಗಿ ತೋರಿಸುವುದೆಂದು ಗೊತ್ತಾಯಿತು.

ಆ ವಾರದಲ್ಲೇ ಅದು ನಡೆದದ್ದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ ಒಣಹಾಕುತ್ತಿದ್ದೆವು. ಹೊತ್ತು ಮುಳುಗುವ ಮುಂಚೆ ಅವನ್ನು ಇಳಿಸುವ ಕೆಲಸ ಕಸ್ತೂರಿಯದು, ಅವಳು ಮರೆತಳು. ಏಳೂವರೆಗೆ ತಾಟು ಹಾಕಿದ ಮೇಲೆ ನೆನಪಾಗಿ ಓಡಿದಳು, ಒಂದು ಮೊರ ಇಳಿಸಿದಳು. ಎಂಟಕ್ಕೆ ಎಲ್ಲರೂ ಹತ್ತಿ ನೋಡಿ ಬಂದೆವು, ನಾನು ಏಳು ಬರೆದೆ. ಎಂಟೂವರೆಗೆ, ಇನ್ನೊಂದು ಮೊರ ಮೇಲೆಯೇ ಉಳಿದಿದೆ ಎಂದು ಅವ್ವ ಗದರಿದಳು. ಕಸ್ತೂರಿ ಮತ್ತೆ ಹತ್ತಿದಳು. ಇಳಿದು ಬಂದವಳೇ ಪುಸ್ತಕ ಎಳೆದುಕೊಂಡು ತನ್ನ ಸಾಲಿನಲ್ಲಿ, ಆ ಒಂದೇ ದಿನದ ಎದುರಿಗೆ, ಮೂರು ಅಂಕ ಬರೆದಳು. ಒಂಬತ್ತು, ಏಳು, ನಾಲ್ಕು.

"ನೋಡ ಬೇ ಲೀಲಾ, ಊಟದಕಿಂತ ಮದಲ ಒಂಬತ್ತ ಇದ್ದಾಕಿ ಈಗ ನಾಕಕ್ಕ ಬಂದಾಳ. ಕೆಳಗ ಇಳದಂಗ ಬಡವಿ ಆಗತಾಳ. ನಾಳಿ ಮಾಮಾಗ ತೋರಸ್ತೇನಿ."

ದಿನಕ್ಕೆ ಒಂದೇ ಅಂಕ ಬರೆಯಬೇಕು ಎಂದೆ. ಇರಲಿ ಬಿಡು ಎಂದು ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ. ಅವಳ ಮಾತಿನ ಅರ್ಥ ನನಗೆ ಪೂರ್ತಿ ಆಗಿತ್ತೆಂದು ಹೇಳಲಾರೆ. ಆಗಲೇ ಇಲ್ಲವೆಂದೂ ಹೇಳಲಾರೆ. ಒಂದು ಗಂಟೆಯಲ್ಲಿ ಯಾವ ನಕ್ಷತ್ರವೂ ಅರ್ಧ ಆಗುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು. ನನ್ನ ಎಂಬತ್ತು, ತೊಂಬತ್ತು ಸಂಜೆಗಳು, ಕಣ್ಣು ಮುಚ್ಚಿ ಕೂತ ಐದೈದು ನಿಮಿಷಗಳು, ಕೆಂಪು ಗೆರೆಗಳು, ಎಲ್ಲವೂ ಒಂದು ಕಡೆ. ಮರೆತುಬಂದ ಹಪ್ಪಳದ ಮೊರ ಇನ್ನೊಂದು ಕಡೆ. ನಾಳೆ ಅಪ್ಪ ಆ ಮೊರದ ಕಡೆ ತಿರುಗಿ ನಗುತ್ತಾನೆ, ಹಲ್ಲಿಲ್ಲದ ಜಾಗ ಕಾಣುವಂತೆ. ಬೆಳಿಗ್ಗೆ ಅಪ್ಪ ಮಳೆಮಾಪಕಕ್ಕೆ ಹೋದಾಗ ನಾನು ರಬ್ಬರ್ ತೆಗೆದುಕೊಂಡು ಒಂಬತ್ತನ್ನೂ ನಾಲ್ಕನ್ನೂ ಅಳಿಸಿದೆ. ನನ್ನ ಅಂಕಕ್ಕೆ ಹೊಂದುವ ಏಳನ್ನು ಉಳಿಸಿದೆ. ಕಾಗದ ಉಬ್ಬದಂತೆ, ಕಪ್ಪು ಹರಡದಂತೆ, ಉಗುರಿನಿಂದ ಪುಡಿ ಕೊಡವಿ, ಬಹಳ ಸ್ವಚ್ಛವಾಗಿ. ನಾಳೆ ತೋರಿಸುತ್ತೇನೆ ಎಂದವಳು, ಅವಳ ಎಲ್ಲ ನಾಳೆಗಳಂತೆ, ಮರೆತಳು.

ರವಿವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಹೋದ. ಇಳಿಹೊತ್ತಿಗೆ ತಿರುಗಿ ಬಂದ. ಕಾಲು ತೊಳೆದುಕೊಂಡು ಕಂಬದ ಬುಡಕ್ಕೆ ಕೂತ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಅವನು ಆ ಜಾಗದಲ್ಲಿ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಮನುಷ್ಯರು ಒಳ್ಳೆಯವರು ಎಂದ. ಚಹಾ ಕೊಟ್ಟರಂತೆ. ಪುಸ್ತಕ ಪೂರ್ತಿ ನೋಡಿದರಂತೆ, ಅಕ್ಷರ ಯಾರದು ಎಂದು ಕೇಳಿದರಂತೆ. ಆಮೇಲೆ ಒಂದೇ ಪ್ರಶ್ನೆ ಕೇಳಿದರಂತೆ: ಯಾವತ್ತಾದರೂ ಒಂದೇ ಸಂಜೆ ಎರಡು ಸಲ ನೋಡಿದಿರಾ? ಇಲ್ಲ, ನಾವು ಎಂಟು ಅಂದರೆ ಎಂಟೇ ಎಂದನಂತೆ ಅಪ್ಪ. ಅವರಿಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಅವರ ಮನೆಯವರೂ ಬಂದು ನಿಂತರು, ಅವರಿಗೂ ವಿವರಿಸಿದರು.

ಅದರಲ್ಲಿ ನಗುವಂಥದ್ದೇನು ಎಂದು ಅವ್ವನಿಗೆ ತಿಳಿಯಲಿಲ್ಲ. ಅಪ್ಪ ಮೊಸರಿನ ಗಡಿಗೆಯ ಮೇಲಿನ ತೆಳು ಅರಿವೆಯನ್ನು ಕೇಳಿ ತೆಗೆದುಕೊಂಡು, ಕಂದೀಲು ಹಚ್ಚಿಸಿ, ಅದರ ಮುಂದೆ ಹಿಡಿದ. ಒಂದು ಪದರಿನಲ್ಲಿ ಬೆಳಕು ಚೆನ್ನಾಗಿಯೇ ಬಂತು. ಮಡಚಿದ, ಎರಡು ಪದರು, ಮತ್ತೆ ಮಡಚಿದ. ಬೆಳಕು ಮಬ್ಬಾಗಿ ಕೆಂಪಾಯಿತು. ನೆತ್ತಿಯ ಮೇಲಿನ ಚಿಕ್ಕೆಯ ಬೆಳಕು ಗಾಳಿಯ ಒಂದು ಪದರು ದಾಟಿ ಬರುತ್ತದೆ. ದಿಗಂತದ ಹತ್ತಿರದ್ದು ಓರೆಯಾಗಿ, ಮೂರು, ನಾಲ್ಕು ಪದರು ದಾಟಿ, ಅದರ ಮೇಲೆ ಬೇಸಿಗೆಯ ಧೂಳನ್ನೂ ದಾಟಿ ಬರಬೇಕು. ಹೀಗೆಂದು ಅವನು ಹೇಳುವಾಗ ದನಿ ತರಗತಿಯಲ್ಲಿ ಪಾಠ ಒಪ್ಪಿಸುವ ಹುಡುಗನದಾಗಿತ್ತು. ರೋಹಿಣಿಗೆ ಏನೂ ಆಗಿಲ್ಲ. ಕುಂದಿಸಿದ್ದು ನಡುವಿನ ಗಾಳಿ. ಆಮೇಲೆ ಅರಿವೆಯನ್ನು ನೀಟಾಗಿ ಮಡಿಸಿ ಅವ್ವನ ಕೈಗೆ ಕೊಟ್ಟು ನಮ್ಮ ಕಡೆ ತಿರುಗಿದ.

"ನಿಮ್ಮಿಬ್ಬರೊಳಗ ಯಾರರೆ ಒಂದ ಸಂಜಿ ಎರಡ ಸಲ ನೋಡಿದ್ರೇನವಾ? ಒಂದ ದಿನದ್ದ ಇದ್ದಿದ್ರೂ ಸಾಕಾಗಿತ್ತು. ಅಲ್ಲಿ ಹೋಗೂ ಮದಲ ನನಗ ತಿಳೀತಿತ್ತು."

ಕಸ್ತೂರಿ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿದಳು. ತನ್ನ ಮೂರು ಅಂಕಗಳ ದಿನ ಹುಡುಕಿದಳು. ಅಲ್ಲಿ ಒಂದೇ ಏಳು ಕೂತಿತ್ತು. ಅವಳು ನನ್ನ ಮುಖ ನೋಡಿದಳು, ಬಹಳ ಹೊತ್ತೇನಲ್ಲ, ಕಂದೀಲಿನ ಕುಡಿ ಒಮ್ಮೆ ಅಲುಗುವಷ್ಟು.

"ಇಲ್ಲ ಮಾಮಾ," ಎಂದಳು.

ನಾನೂ ತಲೆ ಅಲ್ಲಾಡಿಸಿದೆ. ಅಪ್ಪ ಪುಸ್ತಕ ಇಸಿದುಕೊಂಡು ಕೊನೆಯ ಅಂಕದ ಕೆಳಗೆ ಕಚೇರಿಯ ಕ್ರಮದಲ್ಲೇ ಬರೆದ: ಎತ್ತರ ನಮೂದಿಸಿಲ್ಲ. ಒಂದೇ ವೇಳೆ ಗೊತ್ತು ಮಾಡಿದ್ದು ನನ್ನ ತಪ್ಪು. ಕೆಳಗೆ ಸಹಿ. ಅಂದಿನ ಬಳಿಕ ಅವನು ಪುಸ್ತಕ ಹಿಡಿದು ಮಾಳಿಗೆ ಹತ್ತಲಿಲ್ಲ. ಊರು ಸುಮ್ಮನಿರಲಿಲ್ಲ. ಚಹಾದ ಅಂಗಡಿಯವನು, "ಮಾಸ್ತರ, ರೋಹಿಣಿಗಿ ಜ್ವರಾ ಬಿಟ್ಟಾವೇನ್ರಿ?" ಎಂದು ಕೇಳುತ್ತಿದ್ದ. ಅಪ್ಪ ಎಂಟೂವರೆಗೆ ಕಚೇರಿಗೆ ಹೋಗುವ ದಾರಿಯನ್ನು ಬದಲಿಸಿ, ಕೆರೆಯ ಬದಿಯಿಂದ ಸುತ್ತು ಹಾಕಿ ಹೋಗತೊಡಗಿದ. ಅದಕ್ಕಾಗಿ ಹತ್ತು ನಿಮಿಷ ಮೊದಲು ಹೊರಡುತ್ತಿದ್ದ. ಕಸ್ತೂರಿ ಪರೀಕ್ಷೆ ಮುಗಿಸಿ ಸಾರವಾಡಕ್ಕೆ ಹೋದಳು, ಮುಂದಿನ ವರ್ಷ ಬರಲಿಲ್ಲ. ಮನೆಯಲ್ಲಿ ಮತ್ತೆ ನಾನೊಬ್ಬಳೇ. ನಾನು ಬೇಡಿದ್ದೂ ಅದೇ. ಆದರೆ ಅಪ್ಪನ ಆ ಹಲ್ಲಿಲ್ಲದ ಜಾಗ ನನಗೆ ಮತ್ತೆ ಕಂಡದ್ದು, ಅವನು ಸತ್ತ ದಿನ, ಬಾಯಿಗೆ ನೀರು ಬಿಡುವಾಗ.

ಈಗ ನಾನು ವಿಜಯಪುರದಲ್ಲಿ, ಗೋಳಗುಮ್ಮಟದ ಹಿಂದಿನ ಬೀದಿಯಲ್ಲಿ, ಮಗನ ಮನೆಯಲ್ಲಿದ್ದೇನೆ. ಐದಕ್ಕೇ ಏಳುತ್ತೇನೆ. ಬೀದಿಯ ದೀಪ, ಗುಮ್ಮಟದ ದೀಪ, ರಸ್ತೆಯ ಧೂಳು ಸೇರಿ ನಮ್ಮ ಗಚ್ಚಿನ ಮಾಳಿಗೆಯ ಮೇಲೆ ನೆತ್ತಿಯ ನಾಲ್ಕು ಚಿಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ. ಮೊನ್ನೆ ಯುಗಾದಿಗೆ ಟ್ರಂಕು ಸ್ವಚ್ಛ ಮಾಡುವಾಗ ಆ ಪುಸ್ತಕ ಸಿಕ್ಕಿತು. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದೆ. ಪೆನ್ಸಿಲ್ಲಿನ ಕಪ್ಪು ಹೋಗಿತ್ತು, ಒತ್ತಿದ ಗುರುತು ಹೋಗಿರಲಿಲ್ಲ. ಆ ತಿಂಗಳ ಕೊನೆಯಲ್ಲಿ ಒಂದು ದಿನ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಕಸ್ತೂರಿಯನ್ನು ಕೊಟ್ಟಿರುವುದು ಅಲ್ಲಿಗೆ. ಆರು ಗಂಟೆಯ ಬಸ್ಸಿಗೆ ತಿರುಗಿ ಬರುವುದೆಂದು ಸೊಸೆಗೆ ಹೇಳಿದ್ದೆ. ನಾನು ಬರುವುದನ್ನು ಫೋನಿನಲ್ಲಿ ತಿಳಿಸಿದ್ದರೂ ಕಸ್ತೂರಿ ತೋಟಕ್ಕೆ ಹೋಗಿದ್ದಳು, ಆರೂವರೆಗೆ ಬಂದಳು, ಕಾಲ ತುಂಬ ಮಣ್ಣು. ಅವಳ ಮನೆಯಲ್ಲಿ ಸೊಸೆಯಂದಿರು, ಮೊಮ್ಮಕ್ಕಳು, ಕರು, ಎಲ್ಲರೂ ಎಲ್ಲ ಕೋಣೆಗಳಲ್ಲೂ ಇದ್ದರು. ಎರಡು ಗಡಿಯಾರಗಳಿದ್ದವು, ಎರಡೂ ನಿಂತಿದ್ದವು.

ನಾನು ಪುಸ್ತಕ ತೆರೆದು ಜಾಗ ತೋರಿಸಿ, ಅಳಿಸಿದ್ದು ನಾನು ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹಾಳೆ ಮುಟ್ಟಿದಳು.

"ಗೊತ್ತೈತಿ. ಅಷ್ಟ ಸ್ವಚ್ಛ ಅಳಸವ್ರ ಆ ಮನ್ಯಾಗ ಇನ್ನ್ಯಾರಿದ್ರು?"

"ಮತ್ತ ಅವತ್ತ ಅಪ್ಪಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮಾಮಾ ನಿನ್ನ ಪುಸ್ತಕ ಮತ್ತ ನಂಬತಿದ್ದಿಲ್ಲ. ನಿನ್ನ ಹಂತೇಕ ಅದೊಂದ ಇತ್ತಲ್ಲ ಬೇ. ಅದನ್ನೂ ಕಸಗೊಳ್ಳೂದೇನು ಅನಿಸ್ತು."

ಕ್ಷಮೆ ಕೇಳಲು ಹೋದವಳು ನಾನು. ಆ ಮಾತು ಕೇಳಿದ್ದೇ ಹೊಟ್ಟೆಯಲ್ಲಿ ಹನ್ನೆರಡು ವರ್ಷದ ಹುಡುಗಿ ಎದ್ದು ಕೂತಳು. ಅಳಿಸಿದ್ದು ಸ್ವಂತ ಮಗಳೇ ಎಂಬ ನೋವಿನಿಂದ ಆ ಸಂಜೆ ಅವಳು ಅಪ್ಪನನ್ನು ಉಳಿಸಿದಳು ಎಂದು ಇಷ್ಟು ದಿನ ತಿಳಿದಿದ್ದೆ. ಅವಳು ನನ್ನ ಮೇಲೆ ಕನಿಕರ ಪಟ್ಟಿದ್ದಳು. ನನ್ನಲ್ಲಿದ್ದದ್ದು ಒಂದೇ ಎಂದು ಹನ್ನೊಂದು ವರ್ಷದವಳು ಎಣಿಸಿ ಇಟ್ಟಿದ್ದಳು. ಅವಳು ಅಷ್ಟರಲ್ಲಿ ಎದ್ದು, ಬಸ್ಸು ಹೇಗೂ ಹೋಗಿದೆ, ನಡಿ ಮೇಲೆ ಎಂದಳು.

ಅವರದು ಸಿಮೆಂಟಿನ ಮಾಳಿಗೆ, ಮೂಲೆಯಲ್ಲಿ ಯಾರೋ ಇಳಿಸಲು ಮರೆತ ಶಾವಿಗೆ. ಏಳೂವರೆ. ಪಡುವಣದಲ್ಲಿ ರೋಹಿಣಿ, ನೆತ್ತಿಯ ಬದಿಗೆ ಪುನರ್ವಸು. ಅವಳು ಒಂಬತ್ತು ಎಂದಳು, ನಾನು ಎಂಟು ಎಂದೆ, ಇಬ್ಬರೂ ಬಿಟ್ಟುಕೊಡಲಿಲ್ಲ. ಉಂಡು ಎಂಟಕ್ಕೆ ಮತ್ತೆ ಹತ್ತಿದೆವು. ನಾನು ಐದು, ಅವಳು ಏಳು. ಎಂಟೂವರೆಗೆ ಮೂರನೆಯ ಸಲ ನಿಂತಾಗ ದಿಗಂತದ ಮೇಲೆ ರಸ್ತೆಯ ದೀಪಗಳ ಹಳದಿ ಧೂಳು ಏರಿತ್ತು. ನಾನು ಕನ್ನಡಕ ಒರೆಸಿ ನೋಡಿದೆ, ತೆಗೆದು ನೋಡಿದೆ.

"ನಾಕು," ಎಂದಳು ಕಸ್ತೂರಿ.

"ಏನೂ ಇಲ್ಲಲ್ಲಿ. ಸುಳ್ಳ ಹೇಳಾಕತ್ತಿ."

"ಐತಿ ಬೇ. ನಿನಗ ಕಾಣಾಕತ್ತಿಲ್ಲ, ಅಷ್ಟ."

ಕೆಳಗಿಳಿದು ಅಪ್ಪನ ಸಹಿಯ ಕೆಳಗೆ ತಾರೀಖು ಹಾಕಿ ಎರಡು ಸಾಲು ಗೆರೆ ಎಳೆದೆ. ನನ್ನ ಸಾಲಿನಲ್ಲಿ ಎಂಟು, ಐದು, ಸೊನ್ನೆ ಬರೆದೆ. ನೋಡಿದ್ದೇನೆ, ಇಲ್ಲ ಎಂದು. ಅವಳ ಸಾಲಿನಲ್ಲಿ ಒಂಬತ್ತು, ಏಳು, ನಾಲ್ಕು. ಆ ನಾಲ್ಕನ್ನು ಇನ್ನೊಮ್ಮೆ ನೋಡಿದೆ. ಮೊಮ್ಮಗಳೊಬ್ಬಳ ಕಂಪಾಸು ಪೆಟ್ಟಿಗೆ ಪಕ್ಕದಲ್ಲೇ ತೆರೆದುಕೊಂಡಿತ್ತು, ಅದರಲ್ಲಿ ಹೊಸ ರಬ್ಬರ್ ಇತ್ತು. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ.